ಕಾಫಿ ಮುಟ್ಟುವುದಿಲ್ಲ ಎಂದಿದ್ದೆ

ನನ್ನ ಕೆಲಸ ಜಮೀನು ಅಳೆಯುವುದು. ಚಿತ್ತಾಪುರ ತಾಲ್ಲೂಕಿನಲ್ಲಿ ಸರ್ಕಾರಿ ಭೂಮಾಪಕಿ. ಊರವರಿಗೆ ‘ಸರ್ವೇ ಬಾಯಿ’, ನಮ್ಮ ಕಡೆ ಮೇಡಂ ಅನ್ನುವುದಕ್ಕೆ ಬಾಯಿ ಅನ್ನುತ್ತಾರೆ. ಇದಕ್ಕೂ ಮೊದಲು ಸೇಡಂನಲ್ಲಿದ್ದೆ, ಅದಕ್ಕೂ ಮೊದಲು ಚಿಂಚೋಳಿಯಲ್ಲಿ. ಮೂರು ತಾಲ್ಲೂಕುಗಳ ಬದುಗಳ ಮೇಲೆ ಓಡಾಡಿ ನಾನು ಸವೆಸಿದಷ್ಟು ಚಪ್ಪಲಿ ನಮ್ಮ ಕಚೇರಿಯಲ್ಲಿ ಇನ್ನಾರೂ ಸವೆಸಿರಲಿಕ್ಕಿಲ್ಲ. ಅದರಲ್ಲಿ ಅರ್ಧ ಓಡಾಟ ಕೆಲಸಕ್ಕಾಗಿ, ಉಳಿದರ್ಧ ಮರೆತು ಬಂದ ಸಾಮಾನು ಹುಡುಕುವುದಕ್ಕಾಗಿ.

ಚಿಮ್ಮನಚೋಡದಲ್ಲಿ ಒಮ್ಮೆ ಅಳತೆ ಬರೆಯುವ ಪುಸ್ತಕವನ್ನೇ ಹೊಲದ ಬದುವಿನ ಮೇಲೆ ಬಿಟ್ಟು ಬಂದೆ. ಆ ಪುಸ್ತಕ ಹೋದರೆ ಇಡೀ ದಿನದ ದುಡಿಮೆ ಹೋದಂತೆ. ಮರುದಿನ ಜೀವ ಕೈಯಲ್ಲಿ ಹಿಡಿದು ಹೋಗಿ ನೋಡಿದರೆ, ಹೊಲದ ಯಜಮಾನ ಅದನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ಬೇವಿನ ಕೊಂಬೆಗೆ ಕಟ್ಟಿದ್ದ. ‘ನೀವು ಬಂದೇ ಬರ್ತೀರಿ ಅಂತ ಗೊತ್ತಿತ್ರಿ ಬಾಯಿ. ಹ್ವಾದ ಸಲ ಛತ್ರಿ ಬಿಟ್ಟಿದ್ರಿ, ಅದೂ ಅಲ್ಲೇ ಅದಾ ನೋಡ್ರಿ,’ ಎಂದ. ನೋಡಿದರೆ ಛತ್ರಿಯೂ ಅದೇ ಕೊಂಬೆಯಲ್ಲಿ ತೂಗುತ್ತಿತ್ತು. ಆ ಮನುಷ್ಯನ ಮೇಲೆ ನನಗೆ ಇಂದಿಗೂ ಅಕ್ಕರೆ ಇದೆ.

ಇಷ್ಟು ಮರೆವಿನವಳು ಅಳತೆಯಂಥ ಕೆಲಸವನ್ನು ಹೇಗೆ ನಿಭಾಯಿಸಿದೆ ಎಂದು ಕೇಳಿದರೆ, ಹೆದರಿಕೆಯಿಂದ. ಯಾವ ಹೊಲವನ್ನೂ ನಾನು ಒಂದೇ ಸಲ ಅಳೆದು ಎದ್ದವಳಲ್ಲ. ಮೊದಲ ಸಲ ಅಳತೆಗಾಗಿ, ಎರಡನೆಯ ಸಲ ಮೊದಲನೆಯದರ ಮೇಲೆ ನಂಬಿಕೆ ಇಲ್ಲದ್ದಕ್ಕಾಗಿ, ಮೂರನೆಯ ಸಲ ಎರಡೂ ತಾಳೆಯಾದವಲ್ಲ, ಇದರಲ್ಲೇನೋ ಮೋಸ ಇರಬೇಕು ಎಂಬ ಅನುಮಾನಕ್ಕಾಗಿ. ಸೇಡಂ ಕಡೆಯ ಹಳ್ಳಿಗಳಲ್ಲಿ ನನಗೆ ‘ಮೂರ್ ಸಲದ ಬಾಯಿ’ ಎಂದು ಹೆಸರು ಬಿದ್ದಿತ್ತು. ಮನೆಗೆ ಬಂದ ಮೇಲೂ ಎದೆ ಢವಢವ. ಬೀಗ ಹಾಕಿದೆನೋ ಇಲ್ಲವೋ, ಅಂಕಿ ಸರಿ ಬರೆದೆನೋ ಇಲ್ಲವೋ. ಹೆದರಿಕೆ ನನಗೆ ಸಂಬಳವಿಲ್ಲದ ಗುಮಾಸ್ತನಾಗಿತ್ತು, ಮತ್ತು ಅವನು ರಜೆ ತೆಗೆದುಕೊಂಡದ್ದೇ ಇಲ್ಲ.

ಗುಮಾಸ್ತನ ಜೊತೆಗೆ ನನಗೆ ಅವ್ವ ಇದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳು ಶಹಾಬಾದಿನ ನಮ್ಮ ಮನೆಗೆ ಬಂದಳು. ನನ್ನ ಗಂಡ ರೈಲ್ವೆಯವರು, ವಾಡಿಯಲ್ಲಿ ಡ್ಯೂಟಿ. ಮನೆಯಲ್ಲಿರುವುದಕ್ಕಿಂತ ಹಳಿಯ ಮೇಲೆ ಇರುವುದೇ ಹೆಚ್ಚು. ಹಾಗಾಗಿ ದಿನಾ ಬೆಳಿಗ್ಗೆ ನನ್ನನ್ನು ಹೊರಗೆ ಕಳಿಸುವ ಜವಾಬ್ದಾರಿ ಅವ್ವನದೇ. ಫರಸಿ ಕಲ್ಲಿನ ಹೊಸ್ತಿಲಲ್ಲಿ ನಿಂತು ಮೂರು ಮಾತು ಕೇಳುತ್ತಾಳೆ: ‘ಮೊಬೈಲ್? ಚಾವಿ? ಬುಕ್ಕು?’ ನಾನು ಮೂರಕ್ಕೂ ‘ಹ್ಞೂಂ’ ಅನ್ನುತ್ತೇನೆ. ಅವಳು ನನ್ನ ಮಾತು ನಂಬದೆ ಚೀಲಕ್ಕೆ ಕೈ ಹಾಕಿ ನೋಡುತ್ತಾಳೆ. ಒಂದು ದಿನವೂ ಬೈದದ್ದಿಲ್ಲ. ಆದರೆ ಓಣಿಯಲ್ಲಿ ಯಾರಾದರೂ ಸಿಕ್ಕರೆ, ‘ನಮ್ಮಾಕಿ ಜಗತ್ತಿನ ಹೊಲ ಎಲ್ಲಾ ಅಳೀತಾಳವ್ವ, ಮನ್ಯಾಗ ತನ್ನ ಚಪ್ಪಲ್ ಎಲ್ಲಿ ಅದಾವ ಅಂತ ಗೊತ್ತಿರಂಗಿಲ್ಲ,’ ಎಂದು ನನ್ನೆದುರಿಗೇ ಹೇಳಿ ನಗುತ್ತಾಳೆ.

ಮೂರು ಸಲ ಅಳೆದರೂ ಒಂದು ದಿನ ಎಡವಿದೆ. ಸೇಡಂ ತಾಲ್ಲೂಕಿನ ಮುಧೋಳದಲ್ಲಿ ಒಂದು ಹೊಲದ ಅಳತೆ ಸರಿಯಾಗಿಯೇ ಮಾಡಿದ್ದೆ, ನಕ್ಷೆಗೆ ಇಳಿಸುವಾಗ ಅರವತ್ಮೂರರ ಜಾಗದಲ್ಲಿ ಮೂವತ್ತಾರು ಬರೆದಿದ್ದೆ. ಅದು ಬಯಲಾಗುವ ಹೊತ್ತಿಗೆ ನನಗೆ ಚಿತ್ತಾಪುರಕ್ಕೆ ವರ್ಗವಾಗಿತ್ತು. ಮೇಲಧಿಕಾರಿ ಕರೆದು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ಇನ್ನೊಂದು ಸಲ ಹೀಗಾದರೆ ಹೊಲಕ್ಕೆ ಕಳಿಸುವುದಿಲ್ಲ, ಕಚೇರಿಯೊಳಗೆ ಟಪಾಲು ನೋಡಿಕೊಂಡಿರಿ ಎಂದು ಮೆಲ್ಲಗೆ ಹೇಳಿದರು. ಬಿಸಿಲು, ಮುಳ್ಳು, ಜಗಳ ಎಲ್ಲ ಇದ್ದರೂ ನನಗೆ ಹೊಲದ ಕೆಲಸ ಅಂದರೆ ಪ್ರಾಣ. ಆ ವಾರವೆಲ್ಲ ನನ್ನ ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ, ಅವ್ವ ತಾನೇ ನನ್ನ ಕೈ ಹಿಡಿದು ಕಲಬುರಗಿಯ ಒಬ್ಬ ಮನೋವೈದ್ಯೆಯ ಬಳಿ ಕರೆದುಕೊಂಡು ಹೋದಳು.

ವೈದ್ಯೆ ಕರಾವಳಿ ಕಡೆಯವರು. ಪುಸ್ತಕದಂಥ ಕನ್ನಡ, ನಿಧಾನದ ಮಾತು. ನಾನು ಹೆದರಿಕೆಯ ಬಗ್ಗೆ ಹೇಳಿಕೊಂಡೆ. ಅವರು ಹೆದರಿಕೆ ಬಿಟ್ಟು ನನ್ನ ಬಾಲ್ಯ ಕೇಳಿದರು. ಅಷ್ಟು ಸಾಕಾಯಿತು, ಅವ್ವ ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

‘ಉಪ್ಪು ತಗೊಂಡ್ ಬಾ ಅಂತ ಕಳಿಸಿದ್ರ, ಇಕಿ ದನ ಕಾಯೋರ್ ಜೊತಿ ಹೊಳಿ ದಂಡಿಗಿ ಹೋಗಿದ್ಳರಿ. ಸಂಜಿಗಿ ಬಂದ್ಳು. ಉಪ್ಪು ಎಲ್ಲಿ ಅಂದ್ರ, ಯಾವ ಉಪ್ಪು ಅಂತ ನನಗೇ ಕೇಳ್ತಾಳ. ಅವತ್ತ ಮನಿ ಮಂದಿ ಎಲ್ಲಾ ಸಪ್ಪನ ಉಂಡೇವಿ. ಆದ್ರ ಬುದ್ಧಿ ಭಾಳ ಚುರುಕು ನೋಡ್ರಿ. ಗಣಿತದಾಗ ನೂರಕ್ಕ ನೂರು. ಪಾಟಿ ಮಾತ್ರ ಸಾಲ್ಯಾಗ ಬಿಟ್ ಬರಾಕಿ.’

ವೈದ್ಯೆ ಬರೆದುಕೊಳ್ಳುತ್ತ ಹೋದರು. ಅವ್ವನ ಕಥೆಗಳು ಮುಗಿಯುವ ಲಕ್ಷಣ ಕಾಣದಾಗ ನಗುತ್ತ ತಡೆದು, ಸಿಗರೇಟು ಉಂಟಾ, ಮದ್ಯ ಉಂಟಾ, ಕಾಫಿ ಕುಡಿಯುತ್ತೀರಾ ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ನನ್ನನ್ನು ಕೇಳಿದರು. ಅವ್ವನ ಮುಖ ಗಂಟಾಯಿತು. ಮಗಳ ಶೀಲದ ಪ್ರಶ್ನೆ ಬಂತು ಎಂದುಕೊಂಡಳೋ ಏನೋ. ನಾನು ಮೂರಕ್ಕೂ ಇಲ್ಲ ಎಂದೆ. ‘ಕಾಫಿ ಮುಟ್ಟೋದೇ ಇಲ್ಲ,’ ಎಂದು ಸೇರಿಸಿದೆ. ‘ನಮ್ಮ ಮನ್ಯಾಗ ಕಾಫಿ ಪುಡಿ ಸೈತ ಇಲ್ರಿ,’ ಎಂದು ಅವ್ವ ಸಾಕ್ಷಿ ನುಡಿದಳು. ಇಬ್ಬರೂ ಹೇಳಿದ್ದು ಅಪ್ಪಟ ನಿಜ.

ಇನ್ನೆರಡು ಭೇಟಿಗಳ ನಂತರ ಅವರು ಹೇಳಿದ್ದು ಇಷ್ಟು: ಆತಂಕ ಮೇಲೆ ಕಾಣುವುದು, ಅದರ ಕೆಳಗೆ ಚಿಕ್ಕಂದಿನಿಂದ ಇರುವ ಗಮನದ ತೊಂದರೆ ಇದೆ. ಇಷ್ಟು ವರ್ಷ ಹೆದರಿ ಹೆದರಿ ಅದನ್ನು ಮುಚ್ಚಿಕೊಂಡು ಬಂದಿದ್ದೀರಿ. ಗಮನಕ್ಕೆ ಒಂದು ಉತ್ತೇಜಕ ಗುಳಿಗೆ ಕೊಡುತ್ತೇನೆ. ಕೆಲವರಿಗೆ ಇದರಿಂದ ಎಡವಟ್ಟು ಕಡಿಮೆಯಾಗಿ ಆತಂಕವೂ ಇಳಿಯುತ್ತದೆ. ಕೆಲವರಿಗೆ ಆತಂಕ ಹೆಚ್ಚುತ್ತದೆ, ಎದೆ ಬಡಿತ ಏರುತ್ತದೆ, ಬಾಯಿ ಒಣಗುತ್ತದೆ. ನಿಮಗೆ ಹೇಗೆ ಎಂದು ಕೊಟ್ಟು ನೋಡಿದ ಮೇಲೆಯೇ ತಿಳಿಯಬೇಕು. ಬಿಪಿ ನೋಡಿದರು, ಇಸಿಜಿ ಮಾಡಿಸಿದರು, ಸಣ್ಣ ಪ್ರಮಾಣದಲ್ಲಿ ಶುರು ಮಾಡಿದರು. ನಲವತ್ತು ದಾಟಿದ ಹೆಂಗಸಿಗೆ ಇದೆಲ್ಲ ಏತಕ್ಕೆ ಎಂದು ನನಗೆ ನಾಚಿಕೆಯಾಗಿತ್ತು. ಅವ್ವನಿಗೆ ನಾಚಿಕೆ ಇರಲಿಲ್ಲ. ‘ಕಣ್ಣಿಗಿ ಚಷ್ಮಾ ಹಾಕ್ಕೊಂಡಿ, ತಲಿಗಿ ಗುಳಿಗಿ ತಗೋ,’ ಎಂದಳು.

ಮೊದಲ ಗುಳಿಗೆ ತೆಗೆದುಕೊಂಡದ್ದು ಒಂದು ಭಾನುವಾರ. ಏನೂ ಆಗಲಿಲ್ಲ ಎಂದುಕೊಂಡು ಅಡುಗೆಮನೆಯಲ್ಲಿ ಬೇಳೆ ಇಟ್ಟೆ. ಕುಕ್ಕರ್ ಕೂಗಿತು, ಮತ್ತೆ ಕೂಗಿತು. ನಾಲ್ಕನೆಯ ಕೂಗಿಗೆ ಎದ್ದು ಒಲೆ ಆರಿಸಿದೆ. ಆರಿಸಿದ ಮೇಲೆ ಗೊತ್ತಾಯಿತು, ನಾನು ಕೂಗು ಎಣಿಸಿದ್ದೆ. ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ತೊಗರಿಬೇಳೆ ಒಂದೋ ಬೆಂದಿರುತ್ತಿರಲಿಲ್ಲ, ಇಲ್ಲ ತಳ ಹಿಡಿದಿರುತ್ತಿತ್ತು. ಅವತ್ತು ಅವ್ವ ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದಳು. ನನಗೆ ಅಳು ಬಂತು. ಬೇಳೆ ಬೆಂದದ್ದಕ್ಕೆ ಅಳುವ ಹೆಂಗಸು ನಾನೊಬ್ಬಳೇ ಇರಬೇಕು.

ಸೋಮವಾರ ಹೊಲಕ್ಕೆ ಹೋದೆ. ಒಂದು ಬದು ಅಳೆದು ಬರೆದೆ, ಅಂಕಿ ಕಣ್ಣೆದುರು ಅಲುಗದೆ ನಿಂತಿತು. ಇದು ಸರಿ ಎಂದು ಮನಸ್ಸಿಗೆ ಗೊತ್ತಿತ್ತು. ಆದರೆ ಹನ್ನೊಂದು ಗಂಟೆಯ ಹೊತ್ತಿಗೆ ಎದೆ ಜೋರಾಗಿ ಬಡಿದುಕೊಳ್ಳತೊಡಗಿತು. ಹನ್ನೆರಡಕ್ಕೆ ಬೆರಳು ನಡುಗಿ ಪೆನ್ಸಿಲ್ ಹಾಳೆಯ ಮೇಲೆ ಕುಣಿಯಿತು. ಎರಡು ಗಂಟೆಗೆ, ಯಾರೋ ಸತ್ತ ಸುದ್ದಿ ಬರಲಿದೆ ಎನ್ನುವಂಥ ಹೆದರಿಕೆ ಬಂದು ಕೂತಿತು. ಅಳತೆ ಸರಿ ಎಂದು ಗೊತ್ತಿದ್ದೂ ನಾಲ್ಕು ಸಲ ಅಳೆದೆ. ಹಳೆಯ ಹೆದರಿಕೆಗೆ ಒಂದು ಕಾರಣವಾದರೂ ಇತ್ತು. ಇದಕ್ಕೆ ಅದೂ ಇರಲಿಲ್ಲ.

ಮರುದಿನವೂ ಹಾಗೆಯೇ, ಆ ವಾರವೆಲ್ಲ ಹಾಗೆಯೇ. ವೈದ್ಯೆಗೆ ಫೋನ್ ಮಾಡಿದೆ. ಪ್ರಮಾಣ ಇಳಿಸಿದರು. ನಡುಕ ತುಸು ಕಡಿಮೆಯಾಯಿತು, ಹೋಗಲಿಲ್ಲ. ‘ಇನ್ನೆರಡು ವಾರ ನೋಡುವ. ಹೀಗೇ ಆದರೆ ಇದನ್ನು ನಿಲ್ಲಿಸಿಬಿಡುವ, ಬೇರೆ ದಾರಿ ಹುಡುಕಬೇಕು,’ ಎಂದರು. ಅವರು ಹೇಳಿದ್ದು ನನ್ನ ಒಳ್ಳೆಯದಕ್ಕೇ. ಆದರೂ ಫೋನ್ ಇಟ್ಟ ಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ಬೇಳೆ ಬೇಯಿಸಿದ ಆ ಭಾನುವಾರದ ತಲೆ ನನ್ನದೂ ಆಗಬಹುದು ಎಂದು ಒಂದು ಸಲ ನೋಡಿಬಿಟ್ಟಿದ್ದೆ. ನೋಡದಿದ್ದರೆ ಮೂರು ಸಲ ಅಳೆಯುತ್ತಲೇ ನಿವೃತ್ತಿಯಾಗುತ್ತಿದ್ದೆ. ಈಗ ಅದನ್ನು ವಾಪಸ್ ಕೊಟ್ಟು ಟಪಾಲಿನ ಮೇಜಿಗೆ ಹೋಗಿ ಕೂರುವುದು ನನ್ನಿಂದ ಆಗುವ ಮಾತಾಗಿರಲಿಲ್ಲ.

ಅವ್ವ ಮಾತ್ರ ನನ್ನ ಕೈಯನ್ನೇ ನೋಡುತ್ತಿದ್ದಳು. ಎರಡನೆಯ ಭಾನುವಾರ ಕಾಯಿಪಲ್ಯೆ ಹೆಚ್ಚುವಾಗ ಹೇಳಿದಳು:

‘ಐತವಾರ ನಿನ್ನ ಕೈ ನಡಗಂಗಿಲ್ಲ.’

‘ಕೆಲಸ ಇರಂಗಿಲ್ಲಲ್ಲ ಅವ್ವ, ಅದಕ್ಕ.’

‘ಗುಳಿಗಿ ಅಂತೂ ಐತವಾರನೂ ತಗೋತೀದಿ.’

‘ಹ್ಞೂಂ.’

‘ಹಂಗಾದ್ರ ಅದು ಗುಳಿಗಿದಲ್ಲ,’ ಎಂದು ಬದನೆಕಾಯಿ ಎರಡು ಹೋಳು ಮಾಡಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಓದಿದವಳು ನಾನು, ಅವ್ವನಿಗೆ ಇದೆಲ್ಲ ಏನು ಗೊತ್ತು ಎಂಬ ಸೊಕ್ಕು ನನಗೂ ಇದೆ.

ಆ ವಾರ ಸನ್ನತಿಯಲ್ಲಿ ಅಳತೆ ಇತ್ತು. ಅಣ್ಣ ತಮ್ಮಂದಿರ ಹೊಲ, ನಡುವಿನ ಬದುವಿನ ತಕರಾರು. ನಾನೂ ಬರ್ತೀನಿ ಎಂದಳು ಅವ್ವ. ನಮ್ಮದು ಬೌದ್ಧ ಮನೆ, ಅಪ್ಪ ದೀಕ್ಷೆ ತೆಗೆದುಕೊಂಡವನು. ಭೀಮಾ ದಂಡೆಯ ನಮ್ಮ ಹಳ್ಳಿಗೂ ಸನ್ನತಿಗೂ ಒಂದು ಹೊತ್ತಿನ ದಾರಿ. ಅಲ್ಲಿ ನೆಲದಡಿಯಿಂದ ಎದ್ದ ಹಳೆಯ ಬೌದ್ಧ ಸ್ತೂಪದ ಕಲ್ಲುಗಳನ್ನು ಅವ್ವ ವರ್ಷಕ್ಕೊಮ್ಮೆಯಾದರೂ ಹೋಗಿ ಮುಟ್ಟಿ ಬರುತ್ತಾಳೆ. ಜೀಪಿನಲ್ಲಿ ಜಾಗ ಇತ್ತು, ಕರೆದುಕೊಂಡು ಹೋದೆ. ಅವಳು ಕಲ್ಲು ನೋಡಿ ಬಿಸಿಲೇರುವ ಮೊದಲೇ ಹೊಲಕ್ಕೆ ಬಂದು, ಅಲ್ಲಿಂದ ಮುಂದೆ ನನ್ನ ಬೆನ್ನಿಗೇ ಇದ್ದಳು.

ನಮ್ಮ ಕೆಲಸದ ಒಂದು ರೀತಿಯನ್ನು ಇಲ್ಲಿ ಹೇಳಬೇಕು. ಬದುವಿನ ತಕರಾರಿನಲ್ಲಿ ಭೂಮಾಪಕಿ ಒಬ್ಬರ ಮನೆಯಲ್ಲಿ ಚಹಾ ಕುಡಿದು ಇನ್ನೊಬ್ಬರ ಮನೆಯಲ್ಲಿ ಕುಡಿಯದೆ ಬಂದರೆ ಮುಗಿಯಿತು. ಅಳತೆ ಎಷ್ಟೇ ನೆಟ್ಟಗಿದ್ದರೂ ‘ಬಾಯಿ ಆ ಕಡಿ ಹೊಳ್ಯಾಳ’ ಎಂಬ ಮಾತು ಹುಟ್ಟುತ್ತದೆ. ಅಣ್ಣನ ಮನೆಯಲ್ಲಿ ಒಂದು ಕಪ್ಪು ಎಂದರೆ ತಮ್ಮನ ಮನೆಯಲ್ಲೂ ಒಂದು ಕಪ್ಪು. ಹೊಲಕ್ಕೆ ನಾಲ್ಕು ದಿಕ್ಕಿಗೆ ನಾಲ್ವರು ಬಾಜೂದವರು, ಅಂದರೆ ಪಕ್ಕದ ಹೊಲದವರು. ಅವರಿಗೂ ನೋಟಿಸು ಕೊಟ್ಟಿರುತ್ತೇವೆ, ಅವರ ಸಹಿಯೂ ಬೇಕು, ಅವರ ಮನೆಯ ಚಹಾವೂ ಆಗಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾವು ಯಂತ್ರ ಹಿಡಿಯುವುದಕ್ಕಿಂತ ಮೊದಲು ಕಲಿಸುವುದು ಇದನ್ನೇ.

ಅವತ್ತು ಅಣ್ಣನ ಮನೆ, ತಮ್ಮನ ಮನೆ, ಮೂರು ಬಾಜೂದವರ ಮನೆ ಆದವು. ಕೊನೆಗೆ ಪಡುವಣ ಬದುವಿನ ಮುದುಕಿಯ ಮನೆ. ಅವಳದು ಊರ ಅಂಚಿನ ನಮ್ಮವರ ಓಣಿ. ಮುದುಕಿ ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ನಮ್ಮನ್ನು ಕೂರಿಸಿ, ಸಕ್ಕರೆ ಧಾರಾಳವಾಗಿ ಹಾಕಿ, ಗಟ್ಟಿ ಹಾಲಿನ ಚಹಾ ಕೊಟ್ಟಳು. ನಾನು ಬಸಿಗೆ ಸುರಿದುಕೊಂಡು ಕುಡಿದೆ. ಎದೆ ಆಗಲೇ ಓಟ ಕಿತ್ತಿತ್ತು. ಬಸಿ ನಡುಗಿ ಎರಡು ಹನಿ ಸೀರೆಯ ಮೇಲೆ ಬಿದ್ದವು. ಅವ್ವ ಅದನ್ನೂ ನೋಡಿದಳು.

ಜೀಪು ಭೀಮಾ ದಂಡೆ ಬಿಟ್ಟು ದೊಡ್ಡ ರಸ್ತೆಗೆ ಬಂದಾಗ ಅವ್ವ ಕೇಳಿದಳು:

‘ಆ ಡಾಕ್ಟರ್ ಬಾಯಿ ಕಾಫಿ ಯಾಕ ಕೇಳಿದ್ರು?’

‘ಕಾಫಿ ಕುಡದ್ರ ಎದಿ ಬಡಿತ ಹೆಚ್ಚಾಗ್ತದಂತ. ಗುಳಿಗಿನೂ ಅದನ್ನೇ ಮಾಡ್ತದ. ಎರಡೂ ಕೂಡಿದ್ರ…’

‘ಕಾಫಿದಾಗ ಇರೋದು ಚಾದಾಗ ಇರಂಗಿಲ್ಲೇನು?’

ನಾನು ಬೆರಳು ಮಡಚಿ ಎಣಿಸಿದೆ. ಬೆಳಿಗ್ಗೆ ಮನೆಯಲ್ಲಿ ಒಂದು. ವಾಡಿಯಲ್ಲಿ ಜೀಪಿಗೆ ಕಾಯುವಾಗ ಒಂದು. ಹಳ್ಳಿಯಲ್ಲಿ ಆರು. ಎಲ್ಲ ಹಳ್ಳಿಯಲ್ಲೂ ಹೀಗೆಯೇ, ಹದಿನೈದು ವರ್ಷದಿಂದ. ಪದವಿ ಓದಿದ ನನಗೆ ಇದು ಹೊಳೆದಿರಲಿಲ್ಲ, ಯಾಕೆಂದರೆ ನಮ್ಮ ಕಡೆ ಚಹಾ ಕುಡಿಯುವ ಪದಾರ್ಥಗಳ ಲೆಕ್ಕಕ್ಕೇ ಬರುವುದಿಲ್ಲ. ಒಳಗೆ ಬರ್ರಿ ಎಂದು ಬಾಯಿ ತೆರೆದು ಹೇಳುವುದು ಹೇಗೋ, ಚಹಾ ಹಾಗೆ. ಒಂದು ದಿನಕ್ಕೆ ಎಷ್ಟು ಸಲ ‘ಒಳಗೆ ಬರ್ರಿ’ ಅನ್ನಿಸಿಕೊಂಡೆ ಎಂದು ಯಾರಾದರೂ ವೈದ್ಯರಿಗೆ ಹೇಳುತ್ತಾರೆಯೇ?

ವೈದ್ಯೆಗೆ ಫೋನಿನಲ್ಲಿ ಎಂಟು ಕಪ್ಪಿನ ವಿಷಯ ಹೇಳಿದೆ. ಅವರು ನಕ್ಕರು. ‘ತಪ್ಪು ನನ್ನದೂ ಉಂಟು. ನಮ್ಮೂರಿನ ಪ್ರಶ್ನೆಯನ್ನು ನಿಮ್ಮೂರಿನಲ್ಲಿ ಕೇಳಿದೆ,’ ಎಂದರು. ಬೆಳಗಿನ ಒಂದು ಕಪ್ಪು ಇರಲಿ, ಉಳಿದದ್ದೆಲ್ಲ ನಿಧಾನವಾಗಿ ಬಿಡಿ, ಗುಳಿಗೆ ಈಗಿನಷ್ಟೇ ಇರಲಿ, ದಿನಾ ನಾಡಿ ಎಣಿಸಿ ಬರೆದಿಡಿ, ಎರಡು ವಾರದ ಮೇಲೆ ಗುಳಿಗೆ ಬೇಕೋ ಬೇಡವೋ ತೀರ್ಮಾನ ಮಾಡುವ ಎಂದರು. ಚಹಾದಿಂದಲೇ ಪೂರ್ತಿ ಹೀಗಾಯಿತು ಎಂದು ಈಗಲೇ ಹೇಳಲಾರೆ ಎಂದೂ ಎಚ್ಚರಿಸಿದರು.

ಔಷಧದ ಮಟ್ಟಿಗೆ ಇದು ಸುಲಭದ ಮಾತು. ನನ್ನ ಮಟ್ಟಿಗೆ ಇಷ್ಟು ಕಷ್ಟದ್ದು ಬೇರೆ ಇರಲಿಲ್ಲ. ಪಕ್ಷಪಾತದ ಮಾತು ಹುಟ್ಟುತ್ತದೆ ಎಂಬುದೊಂದೇ ಆಗಿದ್ದರೆ ಯಾರ ಮನೆಯಲ್ಲೂ ಕುಡಿಯದೆ ಸರಿದೂಗಿಸಬಹುದಿತ್ತು. ಆದರೆ ಸನ್ನತಿಯ ಆ ಮುದುಕಿಯ ಮನೆಯಲ್ಲಿ ‘ಚಾ ಬ್ಯಾಡ್ರಿ’ ಎಂದು ಹೇಗೆ ಅನ್ನುವುದು?

ನನಗಾಗ ಏಳೋ ಎಂಟೋ ವರ್ಷ. ಅಪ್ಪನಿಗೆ ಮಂಜೂರಾದ ಎರಡು ಎಕರೆ ಅಳೆಯಲು ಒಬ್ಬ ಮೋಜಣಿದಾರರು ನಮ್ಮ ಹಳ್ಳಿಗೆ ಬಂದಿದ್ದರು. ಅಳತೆ ಮುಗಿಸಿ ಕಾಗದ ಬರೆಯಲು ನಮ್ಮ ಮನೆಯ ಮುಂದೆ, ಅಂಗಳದ ಕಲ್ಲಿನ ಮೇಲೆ ಕರವಸ್ತ್ರ ಹಾಸಿ ಕೂತರು. ಅವ್ವ ಎಲ್ಲಿಂದಲೋ ಎಮ್ಮೆ ಹಾಲು ತಂದು, ಮನೆಯಲ್ಲಿದ್ದ ಸಕ್ಕರೆಯನ್ನೆಲ್ಲ ಹಾಕಿ, ಹೂವಿನ ಚಿತ್ರದ ಕಪ್ಪಿನಲ್ಲಿ ಚಹಾ ತಂದಿಟ್ಟಳು. ‘ಈಗಷ್ಟೇ ಕುಡದ್ ಬಂದೀನಿ,’ ಎಂದರು ಅವರು, ತಲೆ ಎತ್ತದೆ. ಸಿಟ್ಟಿನಿಂದಲ್ಲ, ಒಳ್ಳೆಯ ದನಿಯಲ್ಲೇ. ಅವರು ಹೋಗುವವರೆಗೂ ಕಪ್ಪು ಆ ಕಲ್ಲಿನ ಮೇಲೇ ಇತ್ತು, ಕೆನೆ ಕಟ್ಟಿತು. ಆಮೇಲೆ ಅವ್ವ ಅದನ್ನು ನನ್ನ ಕೈಗೆ ಕೊಟ್ಟಳು. ಅಷ್ಟು ಸಿಹಿಯಾದ ಚಹಾ ನಾನು ಅದುವರೆಗೆ ಕುಡಿದಿರಲಿಲ್ಲ. ದಿನಾ ಒಬ್ಬ ಸಾಹೇಬರು ಬಂದು ಚಹಾ ಬಿಟ್ಟು ಹೋಗಲಿ ಎಂದು ಆಸೆಪಟ್ಟಿದ್ದೆ. ಅವರು ಆ ಕಪ್ಪು ಯಾಕೆ ಮುಟ್ಟಲಿಲ್ಲ ಎಂದು ತಿಳಿಯಲು ಹತ್ತು ವರ್ಷ ಬೇಕಾಯಿತು. ತಿಳಿದ ದಿನ ಆ ಸಿಹಿಯ ನೆನಪಿಗೇ ಮೈ ಉರಿದುಹೋಯಿತು.

ಅದಕ್ಕೇ ನಾನು ಭೂಮಾಪಕಿಯಾದೆ ಎಂದರೆ ಸುಳ್ಳಾಗುತ್ತದೆ. ಬರೆದ ಪರೀಕ್ಷೆಗಳಲ್ಲಿ ಇದೊಂದು ಪಾಸಾಯಿತು, ಆದೆ. ಆದರೆ ಕೆಲಸಕ್ಕೆ ಸೇರಿದ ದಿನವೇ ಒಂದು ನಿರ್ಧಾರ ಮಾಡಿಕೊಂಡಿದ್ದೆ: ಯಾರ ಮನೆಯ ಚಹಾವನ್ನೂ ಒಲ್ಲೆ ಎನ್ನಬಾರದು. ಮರೆವಿನ ರಾಣಿಯಾದ ನಾನು ಒಂದು ದಿನವೂ ಮರೆಯದೆ ಪಾಲಿಸಿದ್ದು ಅದೊಂದನ್ನೇ. ಈಗ ಒಂದು ಕಡೆ ಆ ನಿರ್ಧಾರ, ಇನ್ನೊಂದು ಕಡೆ ಗುಳಿಗೆ. ‘ಬಿಡ್ತೀನಿ ಅವ್ವ ಗುಳಿಗಿ. ಚಾ ಬ್ಯಾಡ ಅನ್ನಾಕ ನನ್ನ ಕೈಲೆ ಆಗಂಗಿಲ್ಲ,’ ಎಂದೆ. ನಿಜವಾಗಿಯೂ ಹಾಗೆಯೇ ಅಂದುಕೊಂಡಿದ್ದೆ.

ಅವ್ವ ಅಕ್ಕಿ ಆರಿಸುತ್ತಿದ್ದಳು. ಮೊರ ಬದಿಗಿಟ್ಟಳು.

‘ಅವತ್ತಿಂದು ನಿನಗ ನೆನಪದಾ?’

‘ಅದಾ.’

‘ನಂಗೂ ಅದಾ. ಆದ್ರ ನೋಡು, ಚಾ ಅಂದ್ರ ಹೆಂಗೂ ನಾವೇ ಮುಂದ್ ಹಿಡೀತೀವಿ. ತಗೊಂಡ್ರೂ ಅವರೇ ದೊಡ್ಡವರು, ಬಿಟ್ರೂ ಅವರೇ ದೊಡ್ಡವರು. ಮನ್ಯಾಕಿ ಒಲಿ ಹಚ್ಚೋಕಿಂತ ಮೊದಲ ನೀ ನೀರ್ ಬೇಡು. ನೀರಡಿಕಿ ಆಗ್ಯಾದ, ಜರಾ ನಿಮ್ಮ ಕೊಡದಾಗಿನ ನೀರ್ ಕೊಡ್ರಿ ಅನ್ನು. ಬೇಡಿ ಕುಡದಾಕಿಗೆ ಯಾರೂ ಏನೂ ಅನ್ನಂಗಿಲ್ಲ.’ ಮೊರ ಮತ್ತೆ ತೊಡೆಯ ಮೇಲೆ ತೆಗೆದುಕೊಂಡಳು. ‘ನನ್ನ ಕಡಿಂದ ಒಬ್ಬ ಸಾಹೇಬನೂ ಇವತ್ತಿನ ತನಕ ನೀರ್ ಬೇಡಿಲ್ಲ.’

ಹೇಗಿದ್ದರೂ ಆ ಗುಳಿಗೆಯಿಂದ ನನ್ನ ಬಾಯಿ ಸದಾ ಒಣಗಿರುತ್ತಿತ್ತು. ನೀರಡಿಕೆಯ ಮಾತು ಸುಳ್ಳೇನೂ ಆಗುತ್ತಿರಲಿಲ್ಲ.

ಮೊದಲ ಮೂರು ದಿನ ಚಹಾ ಇಲ್ಲದೆ ತಲೆ ಸಿಡಿಯಿತು, ಜೀಪಿನ ಡ್ರೈವರನ ಮೇಲೆ ಸುಮ್ಮಸುಮ್ಮನೆ ರೇಗಿದೆ, ಆಮೇಲೆ ಕ್ಷಮೆ ಕೇಳಿದೆ. ಐದನೆಯ ದಿನದ ಹೊತ್ತಿಗೆ ಎದೆ ತನ್ನ ಪಾಡಿಗೆ ತಾನು ಇರತೊಡಗಿತು. ಬೆರಳಿನ ನಡುಕ ನಿಂತಿತು. ಹೆದರಿಕೆ ಪೂರ್ತಿ ಹೋಗಲಿಲ್ಲ, ಅದನ್ನೂ ಹೇಳಬೇಕು. ಇಷ್ಟು ವರ್ಷ ಮನೆಯಲ್ಲಿದ್ದ ಗುಮಾಸ್ತ ಕೆಲಸ ಕಡಿಮೆಯಾಯಿತೆಂದು ತಕ್ಷಣ ಎದ್ದು ಹೋಗುವುದಿಲ್ಲ. ಸಂಜೆ ಗುಳಿಗೆಯ ಜೋರು ಇಳಿಯುವಾಗ ಒಮ್ಮೊಮ್ಮೆ ಬಂದು ಬೀಗದ ವಿಷಯ ಕೇಳುತ್ತಾನೆ. ಆದರೆ ನಾನೀಗ ಹೊಲವನ್ನು ಎರಡೇ ಸಲ ಅಳೆಯುತ್ತೇನೆ. ಎರಡು ವಾರದ ನಂತರ ವೈದ್ಯೆ ನನ್ನ ನಾಡಿಯ ಪಟ್ಟಿ ನೋಡಿ ಗುಳಿಗೆ ಮುಂದುವರಿಸಲು ಹೇಳಿದರು.

ಆ ಎರಡು ವಾರದ ನಡುವೆಯೇ ಮತ್ತೆ ಸನ್ನತಿಗೆ ಹೋಗಬೇಕಾಯಿತು, ಬದುವಿನ ಕಲ್ಲು ನೆಡಿಸಲು. ಅಣ್ಣನ ಮನೆಯಲ್ಲಿ ನೀರು ಬೇಡಿದೆ, ತಮ್ಮನ ಮನೆಯಲ್ಲಿ ನೀರು ಬೇಡಿದೆ. ಇಬ್ಬರೂ ಕೊಟ್ಟರು, ಅಳತೆ ಸರಿದೂಗಿತು. ಕೊನೆಗೆ ಮುದುಕಿಯ ಮನೆ. ಅವಳು ನನ್ನನ್ನು ಕಂಡದ್ದೇ ಒಲೆಯ ಕಡೆ ತಿರುಗಿದಳು.

‘ಯಮ್ಮಾ, ನೀರಡಿಕಿ ಭಾಳ ಆಗ್ಯಾದ. ನಿಮ್ಮ ಕೊಡದಾಗಿಂದು ಒಂದ್ ಚರಿಗಿ ನೀರ್ ಕೊಡ್ರಿ.’

ಅವಳು ತಿರುಗಿ ನಿಂತಳು. ‘ನೀರ್ರಿ? ಚಾ ಮಾಡ್ತೀನಲ್ರಿ ಬಾಯಿ.’

‘ಚಾ ಬ್ಯಾಡ್ರಿ. ಎದಿಗಿ ಒಗ್ಗಂಗಿಲ್ಲ. ನೀರೇ ಬೇಕ್ರಿ.’

ನಾನೂ ತಮ್ಮವಳೇ ಎಂದು ಅವಳಿಗೆ ಗೊತ್ತಿರಲಿಲ್ಲ. ನನ್ನ ಕೊರಳಿನ ಸರ್ಕಾರಿ ಗುರುತಿನ ಚೀಟಿಯಷ್ಟೇ ಅವಳಿಗೆ ಕಾಣುತ್ತಿದ್ದದ್ದು. ನಾನೂ ಹೇಳಲಿಲ್ಲ. ಅವಳು ಚರಿಗೆಯನ್ನು ಬೂದಿ ಹಚ್ಚಿ ತಿಕ್ಕಿದಳು. ತೊಳೆದು ಸೆರಗಿನಿಂದ ಒರೆಸಿ, ಏನು ನೆನಪಾಯಿತೋ, ಮತ್ತೊಮ್ಮೆ ತೊಳೆದಳು. ತುಂಬಿ ತಂದು ಎರಡೂ ಕೈಯಿಂದ ಕೊಟ್ಟು, ನಾನು ಕುಡಿದು ಮುಗಿಸುವವರೆಗೆ ಎದುರಿಗೇ ನಿಂತಿದ್ದಳು. ‘ಇನ್ನೊಂದೀಟು ತರ್ಲೇನ್ರಿ?’ ಎಂದಳು. ‘ತರ್ರಿ,’ ಎಂದೆ.

ಮನೆಗೆ ಬಂದು ಚೀಲ ಇಳಿಸುವ ಮೊದಲೇ ಅವ್ವನಿಗೆ ಇದನ್ನೆಲ್ಲ ಹೇಳಿದೆ, ಬೂದಿ ಹಚ್ಚಿದ್ದು, ಎರಡು ಸಲ ತೊಳೆದದ್ದು, ಎದುರಿಗೆ ನಿಂತದ್ದು. ಅವ್ವ ಎದ್ದು ಒಳಗೆ ಹೋದಳು. ಪಾತ್ರೆ ತಿಕ್ಕುವ ಸದ್ದು ಕೇಳಿತು, ನೀರಿನ ಸದ್ದು, ಮತ್ತೆ ತಿಕ್ಕುವ ಸದ್ದು. ಹೊರಗೆ ಬಂದಾಗ ಅವಳ ಕೈಯಲ್ಲಿ ತುಂಬಿದ ಚರಿಗೆ ಇತ್ತು. ಸೆರಗು ಸರಿಮಾಡಿಕೊಂಡು, ನನ್ನೆದುರು ನಿಂತು, ಎರಡೂ ಕೈಯಿಂದ ಅದನ್ನು ಮುಂದೆ ಹಿಡಿದಳು.

‘ನನ್ನ ಕಡಿಂದನೂ ಬೇಡು,’ ಎಂದಳು.

‘ಯವ್ವಾ, ನೀರಡಿಕಿ ಆಗ್ಯಾದ. ಜರಾ ನೀರ್ ಕೊಡ್ರಿ,’ ಎಂದೆ. ನನಗೆ ಆಗ ನೀರಡಿಕೆ ಇರಲಿಲ್ಲ. ಒಂದು ಹನಿ ಉಳಿಸದೆ ಕುಡಿದೆ.